ಗಂಟಲಲ್ಲಿ ಇಳಿಯದ ಔಷಧ

ನಮ್ಮ ಕಡೆ ದವಾಖಾನೆಗೆ ರೋಗಿಯನ್ನು ಮಾತಾಡಿಸಲು ಬಂದವರು ಮೊದಲು ರೋಗಿಯ ಮುಖ ನೋಡುವುದಿಲ್ಲ, ಮೇಲೆ ನೋಡುತ್ತಾರೆ. ಕಬ್ಬಿಣದ ಕೋಲಿಗೆ ಸಲಾಯಿನ್ ಬಾಟಲಿ ತೂಗುತ್ತಿದ್ದರೆ ಅವರಿಗೆ ಸಮಾಧಾನ. "ಚಲೋ ನೋಡ್ಕೊಳ್ಳಾಕತ್ತಾರ ಬಿಡ್ರಿ" ಎಂದು ತಂದ ಮೋಸಂಬಿಯನ್ನು ದಿಂಬಿನ ಪಕ್ಕ ಇಟ್ಟು ಆರಾಮಾಗಿ ಕೂಡುತ್ತಾರೆ. ಬಾಟಲಿ ಇಲ್ಲವೋ, ಮುಗಿಯಿತು. "ಬರೇ ಗುಳಿಗಿ ಮ್ಯಾಲೇ ಇಟ್ಟಾರೇನು? ಕೇಳವ್ರು ಯಾರೂ ಇಲ್ಲೇನು ನಿಮಗ?" ಎಂದು ಮನೆಯವರ ಮಾನ ಕಳೆದು ಎದ್ದು ಹೋಗುತ್ತಾರೆ. ಈ ಮಾತಿಗೆ ಹೆದರಿ ಎಷ್ಟು ಮನೆಗಳು ತೊಳೆದುಹೋಗಿವೆಯೋ ಆ ದೇವರಿಗೇ ಗೊತ್ತು. ನಾನು ಮಲಗಿದ್ದ ಮಂಚಕ್ಕೂ ಬಾಟಲಿ ತೂಗಿತ್ತು. ಅದನ್ನು ತೂಗುಹಾಕಿಸಿದ್ದು ಬಡತನವೂ ಅಲ್ಲ, ಶ್ರೀಮಂತಿಕೆಯೂ ಅಲ್ಲ, ಮಡಿ. ಹೌದು, ಮಡಿ. ನಗಬೇಡಿ. ಪೂರ್ತಿ ಕೇಳಿ, ಆಮೇಲೆ ನಿಮಗೂ ನನ್ನ ಹಾಗೆ ಸಿಟ್ಟು ಬರುತ್ತದೋ ಇಲ್ಲವೋ ನೋಡಿ.

ನಾನು ದೇವದುರ್ಗದ ಹುಡುಗಿ. ಅಪ್ಪ ನಾನು ಸಣ್ಣಾಕೆ ಇದ್ದಾಗಲೇ ತೀರಿಕೊಂಡ. ಅವ್ವ ಊರವರ ಮದುವೆ, ಮುಂಜಿವೆ, ಶ್ರಾದ್ಧಗಳಿಗೆ ಅಡಿಗೆ ಮಾಡಿ ನನ್ನನ್ನೂ ತಂಗಿ ಇಂದುವನ್ನೂ ಬೆಳೆಸಿದಳು. ಅವಳ ಹತ್ತಿರ ಇದ್ದ ಬಂಗಾರವೆಂದರೆ ಒಂದು ಜೊತೆ ಬಿಲ್ವಾರ. ಗಂಡ ಸತ್ತವಳ ಕೈಗೆ ಬಳೆ ಯಾಕೆಂದು ಮಂದಿ ತೆಗೆಸಿದ ಮೇಲೆ ಅವನ್ನು ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿ ಅಕ್ಕಿಯ ಡಬ್ಬಿಯೊಳಗೆ ಹುಗಿದಿಟ್ಟಿದ್ದಳು. ನನ್ನ ಮದುವೆಯಲ್ಲೂ ಅವನ್ನು ಹೊರಗೆ ತೆಗೆಯಲಿಲ್ಲ. "ಇವು ಇಂದೂನ ಓದಿಗೆ. ಆಕಿ ಮಾಸ್ತರಕಿ ಆಗ್ಬೇಕು. ನನ್ನಂಗ ಮಂದಿ ಒಲಿ ಊದಬಾರ್ದು" ಎನ್ನುತ್ತಿದ್ದಳು. ನನಗೂ ಬೇಜಾರಿರಲಿಲ್ಲ. ಇಂದು ಓದಿನಲ್ಲಿ ಚುರುಕು. ನಾನು ಬಾಯಲ್ಲಿ ಚುರುಕು.

ಎಪ್ಪತ್ತರ ದಶಕದ ನಡುವಿನ ಮಾತು. ನನ್ನನ್ನು ಮಾನ್ವಿಗೆ ಕೊಟ್ಟು ಇನ್ನೂ ವರ್ಷ ತುಂಬಿರಲಿಲ್ಲ. ಮಾವನವರು ಹನುಮಪ್ಪನ ಗುಡಿಯ ಪೂಜೆಯವರು. ನಮ್ಮವರು, ಎಂದರೆ ನನ್ನ ಗಂಡ, ಹತ್ತಿ ಮಿಲ್ಲಿನಲ್ಲಿ ಗುಮಾಸ್ತರು. ಅತ್ತೆ ನಾನು ಬರುವ ಮೊದಲೇ ತೀರಿದ್ದರಿಂದ ದೇವರ ನೈವೇದ್ಯದ ಅಡಿಗೆಯೆಲ್ಲ ನನ್ನ ಕೊರಳಿಗೆ ಬಿದ್ದಿತ್ತು. ಒದ್ದೆ ಸೀರೆ ಉಟ್ಟು ಒಲೆ ಹಚ್ಚಬೇಕು, ನಳದ ನೀರು ಮುಟ್ಟಬಾರದು, ಬಾವಿಯ ನೀರೇ ಸೇದಬೇಕು. ಮಾವನವರು ಕೆಟ್ಟವರೆಂದು ನಾನು ಹೇಳುವುದಿಲ್ಲ. ಒಂದು ದಿನವೂ ನನಗೆ ಕೆಟ್ಟ ಮಾತಿನಲ್ಲಿ ಬೈದವರಲ್ಲ. ಆದರೆ ಅವರ ಮಡಿಗೆ ಖರ್ಚು ಯಾವಾಗಲೂ ಬೇರೆಯವರದು: ನೀರು ನಾನು ಸೇದಬೇಕು, ಹಸಿವು ನಮ್ಮವರು ತಡೆಯಬೇಕು, ಮಡಿ ಮಾತ್ರ ಅವರದು.

ಶ್ರಾವಣದಲ್ಲಿ ಪಂಚಮಿಗೆಂದು ತವರಿಗೆ ಹೋಗಿ ಉಂಡಿ ತಿಂದು, ಜೋಕಾಲಿ ಆಡಿ ಮಾನ್ವಿಗೆ ವಾಪಸು ಬಂದೆ. ಬಂದ ಮೇಲೆ ಜ್ವರ ಹಿಡಿಯಿತು. ಮೊದಲು ತಲೆನೋವು, ಆಮೇಲೆ ಚಳಿ, ಆಮೇಲೆ ಬಿಡದ ಸುಡುವ ಜ್ವರ. ಮಾವನವರು ಕಷಾಯ ಕೊಟ್ಟರು, ಮಂತ್ರಾಕ್ಷತೆ ಹಾಕಿದರು. ಕುಡಿದ ನೀರೂ ನಿಲ್ಲದೆ ವಾಂತಿ ಶುರುವಾದಾಗ ನಮ್ಮವರು ಯಾರದೋ ಜೀಪು ಹಿಡಿದು ತಂದು ನನ್ನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದರು. ರಾಯಚೂರು ಮುಟ್ಟುವತನಕ ನಾನು ಬದುಕುತ್ತೇನೆಂದು ಅವರಿಗೆ ನಂಬಿಕೆ ಇರಲಿಲ್ಲವಂತೆ. ನನಗೆ ಅದ್ಯಾವುದೂ ನೆನಪಿಲ್ಲ. ನೆನಪಿರುವುದು ಆ ಖಾಸಗಿ ದವಾಖಾನೆಯ ಪಡಸಾಲೆ, ಫಿನಾಯಿಲಿನ ವಾಸನೆ, ಕಲ್ಲಿನ ಹಾಸಿನ ತಂಪು. ಮಂದಿ ತುಂಬಿದ ಬೆಂಚಿನಿಂದ ಯಾರೋ ಮುದುಕರು ಎದ್ದು, "ಆ ಯವ್ವಗ ಜಾಗ ಕೊಡ್ರೋ, ಕುಂದ್ರಾಕ ಆಗವಲ್ದು ಆಕೀಗೆ" ಎಂದಿದ್ದು. ಆ ಮುದುಕರ ಮುಖ ನಾನು ನೋಡಲಿಲ್ಲ. ಅವರ ಹೊಟ್ಟೆ ತಣ್ಣಗಿರಲಿ.

ಟೈಫಾಯ್ಡ್ ಎಂದರು ದೊಡ್ಡ ಡಾಕ್ಟರು. ಎಡಗೈಗೆ ಸೂಜಿ ಚುಚ್ಚಿ ಸಲಾಯಿನ್ ಹಚ್ಚಿದರು. ಇದನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ: ಆ ಮೊದಲ ಬಾಟಲಿಗಳಿಗೆ ನಾನು ಕೈ ಮುಗಿಯುತ್ತೇನೆ. ನಾಲಗೆ ಒಣಗಿ ಮರದ ತುಂಡಾಗಿತ್ತು, ಕಣ್ಣು ಒಳಗೆ ಹೋಗಿದ್ದವು, ಬಾಯಿಂದ ಏನೂ ಹೋಗುತ್ತಿರಲಿಲ್ಲ. ಅವು ಇಲ್ಲದಿದ್ದರೆ ನಾನು ಇಲ್ಲ. ನನ್ನ ಸಿಟ್ಟು ಅವುಗಳ ಮೇಲೆ ಅಲ್ಲ. ಆಮೇಲೆ ಬಂದವುಗಳ ಮೇಲೆ.

ಸುದ್ದಿ ತಿಳಿದ ಅವ್ವ ದೇವದುರ್ಗದಿಂದ ಬಸ್ಸು ಹಿಡಿದು ಬಂದಳು. ಬಾಗಿಲಲ್ಲೇ ಮಾವನವರು ನಿಂತಿದ್ದರು. "ಬರ್ರಿ ಬೀಗ್ತಿಯವ್ರ. ಪಂಚಮಿಗೆ ಹೋದಾಕಿ ನಿಮ್ಮನಿಯಿಂದ ಜಡ್ಡು ತಗೊಂಡು ಬಂದಾಳ ನೋಡ್ರಿ. ತವರಿನ ಜಡ್ಡು, ತವರಿನವ್ರೇ ನೋಡ್ಕೋಬೇಕು" ಎಂದರು. ಎಷ್ಟು ಮೆತ್ತಗೆ ಹೇಳಿದರೆಂದರೆ ಪ್ರಸಾದ ಕೊಟ್ಟಂತೆ. ಅವ್ವ ಅವರನ್ನು ದಾಟಿ ನನ್ನ ಮಂಚಕ್ಕೆ ಬಂದಳು. ಸೆರಗಿನ ಗಂಟಿನಲ್ಲಿ ಬಿಲ್ವಾರಗಳನ್ನು ಕಟ್ಟಿಕೊಂಡೇ ಬಂದಿದ್ದಳು. ಇಂದುವಿಗೆ ರಾಯಚೂರಿನಲ್ಲೇ ಶಿಕ್ಷಕಿಯರ ತರಬೇತಿಗೆ ಸೀಟು ಸಿಕ್ಕಿತ್ತು. ಫೀಸು ಕಟ್ಟುವುದೊಂದು ಬಾಕಿ. ಒಂದು ಬಿಲ್ವಾರ ಫೀಸಿಗೆ, ಇನ್ನೊಂದು ಊಟ ವಸತಿಗೆ ಎಂದು ಅವ್ವ ಮನಸ್ಸಿನಲ್ಲಿ ಹಂಚಿಟ್ಟಿದ್ದಳು. ಅದರಲ್ಲಿ ಒಂದು ಆ ವಾರವೇ ಸರಾಫ ಬಜಾರಿಗೆ ಹೋಯಿತು.

ಪಕ್ಕದ ಮಂಚದಲ್ಲಿ ಜಾಲಹಳ್ಳಿ ಕಡೆಯ ಮಲ್ಲವ್ವ ಇದ್ದಳು. ಕುರಿ ಕಾಯುವ ಮನೆತನ. ನನ್ನದೇ ವಯಸ್ಸು, ನನ್ನದೇ ಜ್ವರ. ಅವಳಿಗೂ ಮೊದಲು ಒಂದೆರಡು ಬಾಟಲಿ ಏರಿಸಿ, ವಾಂತಿ ನಿಂತ ಮೇಲೆ ತೆಗೆದು ಕ್ಯಾಪ್ಸೂಲ್ ಗುಳಿಗೆ ಶುರು ಮಾಡಿದ್ದರು. ಅವಳ ಗಂಡ ಅಮರಪ್ಪನಿಗೆ ಅದು ದೊಡ್ಡ ಅಪಮಾನವಾಗಿತ್ತು. ಕಂಬಳಿ ಹೆಗಲಿಗೇರಿಸಿಕೊಂಡು ದೊಡ್ಡ ಡಾಕ್ಟರ ಹಿಂದೆ ಹಿಂದೆ ಓಡಾಡುತ್ತಿದ್ದ.

"ಸಾಹೇಬ್ರ, ನಮ್ಮಾಕಿಗೂ ಬಾಟ್ಲಿ ಏರಿಸ್ರಿ. ಬೇಕಾದ್ರ ಎರಡು ಟಗರು ಮಾರ್ತೀನಿ. ನಮ್ಮ ಮಂದಿ ನೋಡಾಕ ಬಂದ್ರ ಏನಂತಾರ್ರೀ? ಅಮರ್ಯಾ ಹೇಂತಿಗಿ ಬರೇ ಗುಳಿಗಿ ನುಂಗಸಾಕತ್ಯಾನ ಅಂತಾರ."

"ಮಾರ್ಕೊಂಡು ಬಾ, ಹಾಕೋಣಂತ" ಎಂದು ದೊಡ್ಡ ಡಾಕ್ಟರು ನಡೆದುಬಿಟ್ಟರು. ಬೇಡಪ್ಪಾ, ಅವಳಿಗೆ ಈಗ ಅದರ ಅವಶ್ಯಕತೆ ಇಲ್ಲ ಎಂದು ಹೇಳಲು ಅವರ ಬಾಯಿಗೆ ಏನಾಗಿತ್ತು? ಹೇಳಲಿಲ್ಲ. ಹೇಳಿದ್ದು ಮಲ್ಲವ್ವನೇ. ಮಂಚದ ಮೇಲಿಂದಲೇ ಗದರಿದಳು: "ಟಗರು ಮಾರಿಗೀರಿ! ನನಗ ಹಸಿವು ಆಗಾಕತ್ತದ, ಗಂಜಿ ತಗೊಂಡು ಬಾ ಮೊದಲ. ಬಾಟ್ಲಿ ಬೇಕಂದ್ರ ನೀನಾ ಮಲಕ್ಕೊ ಇಲ್ಲಿ."

ಆ ಹೊತ್ತಿಗೆ ನನಗೂ ವಾಂತಿ ನಿಂತಿತ್ತು. ಗಂಜಿಯ ವಾಸನೆಗೆ ನನ್ನ ಬಾಯಲ್ಲೂ ನೀರು ಬರತೊಡಗಿತ್ತು. ಆ ದವಾಖಾನೆಯಲ್ಲಿ ಒಬ್ಬ ಸಣ್ಣ ಡಾಕ್ಟರಮ್ಮ ಇದ್ದರು, ಹೊಸದಾಗಿ ಓದು ಮುಗಿಸಿ ಬಂದವರು. ನನ್ನ ಹೊಟ್ಟೆ ಮುಟ್ಟಿ ನೋಡಿ, "ಇನ್ನ ಸಲಾಯಿನ್ ಬ್ಯಾಡ ಪದ್ಮಾವತಿಯವ್ರ. ನಾಳಿಂದ ಇದೇ ಔಷಧ ಬಾಯಿಂದ ಕೊಡ್ತೀವಿ. ಲಗೂನ ಮನಿಗೆ ಹೋಗ್ಬಹುದು" ಎಂದರು. ಆಗ ನನಗಾದ ಸಂತೋಷವನ್ನು ಏನೆಂದು ಹೇಳಲಿ. ನನಗಿಂತ ಅವ್ವನಿಗೆ. ಸೆರಗಿನ ಗಂಟನ್ನು ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿ ಕೂತಳು. ಒಂದು ಬಿಲ್ವಾರವಾದರೂ ಉಳಿಯಿತು ಎಂದು ಅವಳ ಮುಖವೇ ಹೇಳುತ್ತಿತ್ತು.

ಮಾರನೆಯ ದಿನ ದಾದಿ ಗುಳಿಗೆ ತಂದಳು. ಮಾವನವರು ಮಾನ್ವಿಯಿಂದ ಆಗಷ್ಟೇ ಬಂದು ಮೂಲೆಯ ಸ್ಟೂಲಿನ ಮೇಲೆ ತಮ್ಮ ಪಂಚೆ ಯಾವುದಕ್ಕೂ ತಾಗದಂತೆ ಮುದುರಿ ಕೂತಿದ್ದರು. ಎದ್ದು ಬಂದು ದಾದಿಯ ಅಂಗೈಯಲ್ಲಿದ್ದುದನ್ನು ಮುಟ್ಟದೆ ಬಗ್ಗಿ ನೋಡಿದರು. ಹೊಳೆಯುವ ಕೊಳವೆ, ಒಳಗೆ ಪುಡಿ.

"ಇದೇನು ವಸ್ತು? ಮ್ಯಾಲಿನ ಸಿಪ್ಪಿ ಯಾತರದು?"

ದಾದಿಗೆ ಗೊತ್ತಿರಲಿಲ್ಲ. ಅಷ್ಟರಲ್ಲಿ ದೊಡ್ಡ ಡಾಕ್ಟರು ರೌಂಡಿಗೆ ಬಂದರು. ಅವರಿಗೆ ಗೊತ್ತಿತ್ತು. ನಗುತ್ತಲೇ ಹೇಳಿದರು: "ಸಿಪ್ಪಿನಾ ಆಚಾರ್ರ? ಅದು ಪ್ರಾಣಿಗಳ ಎಲುಬು ಚರ್ಮದಿಂದ ತಗದದ್ದು."

"ರಾಮ ರಾಮ!" ಮಾವನವರು ಎರಡು ಹೆಜ್ಜೆ ಹಿಂದೆ ಸರಿದರು. "ಇದನ್ನ ನುಂಗಿದಾಕಿ ನಾಳೆ ನಮ್ಮ ಹನುಮಪ್ಪಗ ನೈವೇದ್ಯ ಮಾಡೂದು ಹ್ಯಾಂಗ?"

"ಬ್ಯಾಡ ಅಂದ್ರ ಬ್ಯಾಡ ಬಿಡ್ರಿ. ಅದೇ ಔಷಧ ಬಾಟ್ಲಿಯೊಳಗ ಹಾಕಿ ರಕ್ತಕ್ಕ ಬಿಡ್ತೀವಿ. ಬಾಯಿಗೆ ಹೋಗೂದೇ ಇಲ್ಲ. ನಿಮ್ಮ ಮಡಿ ನಿಮಗ, ನಮ್ಮ ಕೆಲಸ ನಮಗ."

ಸಣ್ಣ ಡಾಕ್ಟರಮ್ಮ ಬಾಯಿ ಹಾಕಿದರು. "ಸಿಪ್ಪಿ ಬಿಚ್ಚಿ, ಒಳಗಿನ ಪುಡಿ ಜೇನುತುಪ್ಪದಾಗ ಕಲಸಿ ಕೊಡಬಹುದಲ್ರೀ ಸರ್? ಸ್ವಲ್ಪ ಕಹಿ ಅಷ್ಟೇ."

ಮಾವನವರು ಅವರ ಕಡೆ ನೋಡಲೂ ಇಲ್ಲ. "ಎಲುಬಿನ ಡಬ್ಬಿಯೊಳಗ ಇಟ್ಟ ಸಕ್ಕರಿ ದೇವರಿಗೆ ಇಡ್ತೀರೇನು ತಂಗಿ?" ಎಂದರು. ದೊಡ್ಡ ಡಾಕ್ಟರು, "ಮನಿಯವ್ರೇ ಕೇಳ್ಳಿಕ್ಕತ್ತಾರ, ಹಾಕೋಣ" ಎಂದು ಮುಂದಿನ ಮಂಚಕ್ಕೆ ಹೋದರು. ಆಯಿತು. ನನ್ನ ರಕ್ತ, ನನ್ನ ಕೈ, ನನ್ನ ಅವ್ವನ ಬಂಗಾರ. ತೀರ್ಮಾನ ಮಾಡಿದವರು ಇಬ್ಬರು ಗಂಡಸರು. ಒಬ್ಬರಿಗೆ ಮಡಿ ಉಳಿಯಿತು, ಇನ್ನೊಬ್ಬರಿಗೆ ಗಿರಾಕಿ ಉಳಿಯಿತು. ನಾನು ಮಂಚದ ಮೇಲೆ ಅಷ್ಟುದ್ದ ಮಲಗಿದ್ದೆ, ನನ್ನ ಕಡೆ ಒಬ್ಬರಾದರೂ ತಿರುಗಿ "ನಿನಗೇನು ಬೇಕವಾ" ಎಂದು ಕೇಳಲಿಲ್ಲ.

ನಡುವೆ ಏಕಾದಶಿ ಬಂತು. ಅವತ್ತು ಗಿಲ್ಲೆಸುಗೂರಿನಿಂದ ನಮ್ಮ ಮಾವನವರ ದಾಯಾದಿಗಳು ನನ್ನನ್ನು ನೋಡಲು ಬಂದಿದ್ದರು. ಬಾಟಲಿಯಿಂದ ಗ್ಲೂಕೋಸು ತೊಟಕು ತೊಟಕು ಇಳಿಯುತ್ತಿತ್ತು. ಅದರ ಕೆಳಗೆ ನಿಂತು ಮಾವನವರು ಅವರಿಗೆ ಹೇಳಿದರು: "ಇಷ್ಟು ಜಡ್ಡಿನಾಗೂ ನಮ್ಮ ಸೊಸಿ ಏಕಾದಶಿ ಬಿಟ್ಟಿಲ್ಲ ನೋಡ್ರಿ. ಗಂಟಲಾಗ ಒಂದು ಹನಿ ಇಳದಿಲ್ಲ." ಬಂದವರು ಬಾಟಲಿಯನ್ನೂ ನನ್ನನ್ನೂ ನೋಡಿ ಭಕ್ತಿಯಿಂದ ತಲೆದೂಗಿದರು. ಸಕ್ಕರೆ ನೀರು ರಕ್ತದಲ್ಲಿ ಹರಿಯಿತು, ಉಪವಾಸವೂ ಉಳಿಯಿತು! ಇಂಥ ಏಕಾದಶಿಯನ್ನು ಯಾವ ಪಂಚಾಂಗದವರೂ ಬರೆದಿರಲಿಕ್ಕಿಲ್ಲ. ಮಲ್ಲವ್ವ ಕಂಬಳಿಯೊಳಗೆ ಮುಖ ಹುದುಗಿಸಿ ನಗುವುದು ನನಗೆ ಕೇಳುತ್ತಿತ್ತು. ನನಗೂ ನಗು ಬಂತು, ನಕ್ಕರೆ ಸೂಜಿ ಅಲುಗಿ ಕೈ ನೋಯುತ್ತಿತ್ತು.

ಕೈ ಎಂದೆನಲ್ಲ. ಎಡಗೈಯ ನರ ಕೆಂಪು ದಾರದಂತೆ ಎದ್ದು ಗಟ್ಟಿಯಾಗಿತ್ತು. ಮುಟ್ಟಿದರೆ ಪ್ರಾಣ ಹೋಗುತ್ತಿತ್ತು. ಸೂಜಿಯನ್ನು ಬಲಗೈಗೆ ಹಾಕಿದರು. ಅದೂ ಬಾತಿತು. ನನ್ನ ಹಸಿರು ಗಾಜಿನ ಬಳೆಗಳು ಬಾವಿನೊಳಗೆ ಹೂತುಹೋದಾಗ ದಾದಿ ಅವನ್ನು ಕತ್ತರಿಯ ಹಿಡಿಯಿಂದ ಒಡೆಯಬೇಕಾಯಿತು. ಮದುವೆಯಾಗಿ ವರ್ಷ ತುಂಬದವಳ ಬಳೆ ಒಡೆಯುವ ಸದ್ದು ಕೇಳಿ ಅವ್ವ ಕಿವಿ ಮುಚ್ಚಿಕೊಂಡು ಪಡಸಾಲೆಗೆ ಓಡಿದಳು. ಮಾವನವರ ಮಡಿಯಲ್ಲಿ ಇದಕ್ಕೆ ಏನೂ ದೋಷ ಇರಲಿಲ್ಲ. ಜ್ವರ ಬಿಟ್ಟಿತ್ತು, ಹಸಿವು ಬಂದಿತ್ತು, ಆದರೂ ನಾನು ರೋಗಿಯಾಗಿಯೇ ಉಳಿದದ್ದು ಈ ಕೈಗಳಿಂದ. ರೋಗ ಹೋಗಿ ಔಷಧದ ರೋಗ ಹಿಡಿದಿತ್ತು. ಗಂಜಿಯ ಚಮಚೆಯನ್ನೂ ನಾನು ಹಿಡಿಯಲಾರೆ, ಅವ್ವನೇ ತಿನ್ನಿಸಬೇಕು.

"ನೀನಾರ ಹೇಳಬಾರ್ದೇನು ಅವ್ವಾ?" ಎಂದು ಒಮ್ಮೆ ರೇಗಿದೆ.

"ಏನಂತ ಹೇಳ್ಲಿ? ಬೀಗರ ಮಾತು ಮೀರಿ ನಿನಗ ಅದನ್ನ ನುಂಗಿಸಿದ್ರ ನಾಳೆ ಅವ್ರು ನಿನ್ನ ಮನಿಯೊಳಗ ತಗೋಳ್ಳಿಲ್ಲಂದ್ರ? ಬಂಗಾರ ಹೋದ್ರ ಹೋಗ್ಲಿ. ನೀ ನೆಟ್ಟಗಿದ್ರ ಸಾಕು."

"ಮತ್ತ ಇಂದು?"

ಅವ್ವ ಗಂಜಿಯ ಬಟ್ಟಲನ್ನು ಕೆಳಗಿಟ್ಟು ಸೆರಗಿನ ಗಂಟನ್ನು ಬಿಗಿದುಕೊಂಡಳು. ಇಂದು ಆಗ ದೇವದುರ್ಗದಲ್ಲಿ ಒಬ್ಬಳೇ ಇದ್ದು, ಅವ್ವ ಒಪ್ಪಿಕೊಂಡಿದ್ದ ಶ್ರಾದ್ಧದ ಅಡಿಗೆಗಳನ್ನು ತಾನೇ ಮಾಡುತ್ತಿದ್ದಳು. ಮಾಸ್ತರಕಿ ಆಗಬೇಕಾದವಳು ಆಗಲೇ ಮಂದಿಯ ಒಲೆಯ ಮುಂದೆ ಕೂತಿದ್ದಳು. ಫೀಸು ಕಟ್ಟುವ ಗಡುವು ಹತ್ತಿರ ಬರುತ್ತಿತ್ತು.

ಮಲ್ಲವ್ವ ಮನೆಗೆ ಹೊರಡುವ ದಿನ. ಅವಳು ಎದ್ದು ಓಡಾಡುತ್ತಿದ್ದಳು, ತಲೆ ಬಾಚಿ ಹೂವು ಸಹ ಮುಡಿದಿದ್ದಳು. ಉಳಿದ ಗುಳಿಗೆಗಳನ್ನು ಊರಲ್ಲಿ ನುಂಗಬೇಕೆಂದು ಕಾಗದದ ಪೊಟ್ಟಣದಲ್ಲಿ ಕಟ್ಟಿ ಕೊಟ್ಟಿದ್ದರು. ಅಮರಪ್ಪನಿಗೆ ಮಾತ್ರ ಇನ್ನೂ ಅನುಮಾನ. "ಬಾಟ್ಲಿ ಇಲ್ದ ಹ್ಯಾಂಗ ಆರಾಮ ಆತು ಬೇ ಇಕೀಗೆ?" ಎಂದು ನಮ್ಮ ಅವ್ವನನ್ನೇ ಕೇಳಿದ. ಅವ್ವನ ಕೈ ಸೆರಗಿನ ಗಂಟಿನ ಮೇಲಿತ್ತು. ಮೊದಲ ಬಿಲ್ವಾರದ ರೊಕ್ಕದಲ್ಲಿ ಉಳಿದದ್ದೆಲ್ಲ ಈ ಬೇಡದ ಬಾಟಲಿಗಳಿಗೇ ಮುಗಿದಿತ್ತು. ಹೊಸ ಬಾಟಲಿಗಳಿಗೆ ದುಡ್ಡು ಕಟ್ಟಿರೆಂದು ಕೌಂಟರಿನಿಂದ ಹೇಳಿಕಳಿಸಿದ್ದರು. ಅವಳು ಚಪ್ಪಲಿ ಮೆಟ್ಟಿಕೊಂಡು ಬಾಗಿಲ ಕಡೆ ಹೊರಟಳು. ಎಲ್ಲಿಗೆಂದು ನಾನು ಕೇಳಬೇಕಾಗಿರಲಿಲ್ಲ, ಸರಾಫ ಬಜಾರಿಗೇ. ಮಾವನವರು ಸ್ಟೂಲಿನ ಮೇಲೆ ಕೂತು ತುಟಿ ಅಲುಗಿಸುತ್ತ ಏನೋ ಸ್ತೋತ್ರ ಹೇಳಿಕೊಳ್ಳುತ್ತಿದ್ದರು. ನಮ್ಮವರು ಕಿಟಕಿಯ ಹತ್ತಿರ ನಿಂತಿದ್ದರು, ಯಾವಾಗಿನಂತೆ ಅಪ್ಪನ ಬೆನ್ನ ಹಿಂದೆ.

ನನ್ನ ತಲೆಯಲ್ಲಿ ಏನೋ ಸಿಡಿಯಿತು. ಜ್ವರವಲ್ಲ, ಜ್ವರದ ಬಿಸಿ ನನಗೆ ಗೊತ್ತಿತ್ತು.

"ಅವ್ವಾ, ನಿಲ್ಲ!" ಎಂದು ಕಿರುಚಿದೆ. ಪಡಸಾಲೆಯ ಮಂದಿಯೆಲ್ಲ ಇಣುಕಿದರು. "ಬಜಾರಕ್ಕ ಹೋಗಬ್ಯಾಡ. ಮಲ್ಲವ್ವಾ, ನಿನ್ನ ಗುಳಿಗಿ ಒಂದು ಕೊಡ ಇಲ್ಲೆ."

ಮಲ್ಲವ್ವ ಮಾವನವರ ಕಡೆ ನೋಡಿದಳು. "ನನ್ನ ಕೈಲಿಂದೇನ್ರೀ ಯವ್ವಾ? ನಾವು ಕುರಿ ಮಂದಿ..."

"ಕೊಡು ಅಂದ್ನೆಲ್ಲ! ನನ್ನ ಕೈ ಎರಡೂ ಏಳಂಗಿಲ್ಲ. ಬಾಯಾಗ ಹಾಕು."

ಮಾವನವರು ಎದ್ದರು. "ಪದ್ಮಾವತಿ, ಏನು ಮಾಡ್ಲಿಕ್ಕತ್ತೀ? ತಿಳದದ ಏನು ನಿನಗ?"

"ಎಲ್ಲಾ ತಿಳದದ ಮಾವನವರ. ಔಷಧ ಅಂದ್ರ ಗಂಗಾಜಲ ಇದ್ದಂಗ ಅಂತ ನೀವೇ ಊರ ಮಂದಿಗೆಲ್ಲ ಹೇಳ್ತೀರಿ. ಆ ಮಾತು ಸೊಸಿಗೆ ಇಲ್ಲೇನು? ಮಡಿ ನಿಮ್ದು, ಕೈ ನಂದು, ಬಂಗಾರ ನಮ್ಮವ್ವಂದು. ಇದ್ಯಾವ ನ್ಯಾಯ? ನಿಮ್ಮ ಮಡಿ ಅಷ್ಟು ದೊಡ್ಡದಿದ್ರ ಬಾಟ್ಲಿ ರೊಕ್ಕ ನೀವು ಕಟ್ರಿ. ಈಗ, ನನ್ನ ಕಣ್ಣ ಮುಂದ ಕಟ್ರಿ. ನಾ ಸುಮ್ನ ಕೈ ಚಾಚ್ತೀನಿ."

 ಮಾವನವರ ಸೊಂಟದ ಚೀಲ ಅವರ ಸೊಂಟದಲ್ಲೇ ಇತ್ತು. ಕೈ ಅದರ ಕಡೆ ಹೋಗಲಿಲ್ಲ. ಅದನ್ನು ನಾನು ನೋಡಿದೆ, ಅವ್ವ ನೋಡಿದಳು, ಪಡಸಾಲೆಯ ಅರ್ಧ ರಾಯಚೂರು ನೋಡಿತು.

ಮಲ್ಲವ್ವ ಪೊಟ್ಟಣ ಬಿಚ್ಚಿ ಒಂದು ಗುಳಿಗೆ ನನ್ನ ನಾಲಗೆಯ ಮೇಲಿಟ್ಟಳು. ಅವಳ ಬೆರಳಿಗೆ ಕುರಿಯ ಉಣ್ಣೆಯ ವಾಸನೆ ಇತ್ತು. ನುಂಗಲು ನೀರು ಬೇಕಲ್ಲ? ನಾನು ನೋಡುತ್ತಿದ್ದಂತೆ ನಮ್ಮವರು ಕಿಟಕಿ ಬಿಟ್ಟು ಬಂದರು. ಮೂಲೆಯ ನಳದಿಂದ ಗ್ಲಾಸು ತುಂಬಿದರು. ಜನ್ಮದಲ್ಲೇ ಅಪ್ಪನೆದುರು ನಳದ ನೀರು ಮುಟ್ಟದ ಮನುಷ್ಯ! ಒಂದು ಕೈಯಿಂದ ನನ್ನ ತಲೆ ಎತ್ತಿ ಹಿಡಿದು ಇನ್ನೊಂದು ಕೈಯಿಂದ ಕುಡಿಸಿದರು. ಅರ್ಧ ನೀರು ನನ್ನ ಕುತ್ತಿಗೆಗೆ ಹೋಯಿತು. ಗುಳಿಗೆ ಗಂಟಲಲ್ಲಿ ಇಳಿಯಿತು. ಆಕಾಶ ಬೀಳಲಿಲ್ಲ. ಒಂದು ತೇಗು ಬಂತು, ಅಷ್ಟೇ.

ಗದ್ದಲ ಕೇಳಿ ಬಂದ ದೊಡ್ಡ ಡಾಕ್ಟರು, "ಹಿಂಗ ಮನಸ್ಸಿಗೆ ಬಂದಂಗ ನುಂಗಿದ್ರ ನಾವು ಜವಾಬ್ದಾರಲ್ಲ" ಎಂದರು. ಸಣ್ಣ ಡಾಕ್ಟರಮ್ಮ ಅವರ ಹಿಂದೆಯೇ ಬಂದವರು ಮೊದಲು ನನಗೇ ಬೈದರು. ಇನ್ನೊಬ್ಬರ ಔಷಧ ಹೀಗೆ ನುಂಗಬಾರದು, ಇದು ಅದೇ ಔಷಧವಾಗಿದ್ದು ನಿನ್ನ ಪುಣ್ಯ ಎಂದರು. ಆಮೇಲೆ ನನ್ನ ಹೆಸರಿಗೇ ಚೀಟಿ ಬರೆದರು. ನನ್ನ ಬಲಗೈಯ ಸೂಜಿ ತೆಗೆದು ಹತ್ತಿ ಒತ್ತಿ ಹಿಡಿದು, "ನೀವು ಬಾಯಿ ಮಾಡಿದ್ದು ಛಲೋ ಆತು. ನಾ ಮಾಡಿದ್ರ ನನ್ನ ನೌಕರಿ ಹೋಗ್ತಿತ್ತು" ಎಂದು ಮೆಲ್ಲಗೆ ಹೇಳಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರನ್ನು ಹೆದರಿಸಿಟ್ಟವರ ಮೇಲಿದೆ.

ನಾನು ಬೇಗನೆ ಮನೆಗೆ ಬಂದೆ. ಪಂಚಗವ್ಯ ಕುಡಿಸಿದರು, ಕುಡಿದೆ. ಪ್ರಾಯಶ್ಚಿತ್ತ ಮುಗಿದು ಕೆಲವು ವಾರ ಕಳೆಯುವವರೆಗೆ ಅಡಿಗೆಮನೆಯ ಹೊಸ್ತಿಲು ದಾಟಬಾರದು ಎಂದರು. ಅಯ್ಯೋ, ಅದಕ್ಕಿಂತ ದೊಡ್ಡ ಉಪಕಾರ ನನಗೆ ಯಾರು ಮಾಡಬೇಕಿತ್ತು? ಟೈಫಾಯ್ಡಿನಿಂದ ಎದ್ದವಳ ಕಾಲಲ್ಲಿ ಕಸುವಿರುವುದಿಲ್ಲ, ಕೂದಲು ಹಿಡಿ ಹಿಡಿ ಉದುರುತ್ತದೆ, ಕೂತಲ್ಲೇ ಅಳು ಬರುತ್ತದೆ. ಅಂಥ ದಿನಗಳಲ್ಲಿ ನಾನು ನಡುಮನೆಯಲ್ಲಿ ಹಾಸಿಗೆ ಹಾಕಿಕೊಂಡು ಮಲಗಿದ್ದೆ, ಮಾವನವರು ಒದ್ದೆ ಪಂಚೆಯುಟ್ಟು ತಾವೇ ಬಾವಿಯ ನೀರು ಸೇದಿ ಅನ್ನ ಬೇಯಿಸಿ ನನಗೂ ಬಡಿಸಿದರು. ಸಾರಿಗೆ ಉಪ್ಪು ಹೆಚ್ಚು. ಆದರೂ ಎರಡು ಸಲ ಬಡಿಸಿಕೊಂಡು ಉಂಡೆ.

ಉಳಿದ ಒಂದು ಬಿಲ್ವಾರದಿಂದ ಇಂದುವಿನ ಫೀಸು ಕಟ್ಟಿದರು. ಊಟ ವಸತಿಗೆ ಇಟ್ಟಿದ್ದು ಬಾಟಲಿಗಳಲ್ಲಿ ಹರಿದುಹೋಗಿತ್ತಲ್ಲ? ಅದಕ್ಕೆ ಅವ್ವ ದೇವದುರ್ಗ ಬಿಟ್ಟು ರಾಯಚೂರಿಗೆ ಬಂದು, ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯಲು ನಿಂತಳು. ಕಟ್ಟಿಗೆಯ ಒಲೆ, ಕಿಟಕಿಯಿಲ್ಲದ ಕೋಣೆ. ಮಗಳ ತರಬೇತಿ ಮುಗಿಯುವವರೆಗೆ ಆ ಹೊಗೆಯಲ್ಲಿ ನಿಂತವಳ ಕಣ್ಣು ಆಮೇಲೆ ಸರಿಯಾಗಲೇ ಇಲ್ಲ. ಇಂದು ಬಾಗಲವಾಡದ ಶಾಲೆಯಲ್ಲಿ ಮಾಸ್ತರಕಿಯಾದಳು. ಹಾಜರಾಗುವ ದಿನ ಮಗಳ ಹೊಸ ಸೀರೆಯ ಬಣ್ಣ ಯಾವುದೆಂದು ಅವ್ವ ಕೈಯಿಂದ ಸೆರಗು ಹಿಡಿದು, ಬೆಳಕಿಗೆ ತಂದು, ಮತ್ತೆ ಮತ್ತೆ ನೋಡಿ, ಕಡೆಗೆ ನನ್ನನ್ನೇ ಕೇಳಿದಳು. ಬೇಡದ ಬಾಟಲಿಗೆ ಹೋದದ್ದು ಬರೀ ಬಂಗಾರ ಎನ್ನುವವರು ಇದನ್ನು ಓದಲಿ.

ಎಂಬತ್ತರ ದಶಕದ ಕೊನೆಯ ಹೊತ್ತಿಗೆ ಮಾವನವರಿಗೆ ವಯಸ್ಸಾಯಿತು. ಒಂದು ಚಳಿಗಾಲ ಎದೆಯಲ್ಲಿ ಕಫ ಕಟ್ಟಿ ಜ್ವರ ಬಂತು. ಮಾನ್ವಿಗೆ ಹೊಸದಾಗಿ ಬಂದಿದ್ದ ಹುಡುಗ ಡಾಕ್ಟರು ಮನೆಗೇ ಬಂದು ಎದೆ ನೋಡಿದರು. ಚೀಟಿ ಬರೆದು, "ಈ ಕ್ಯಾಪ್ಸೂಲ್ ಕೊಡ್ರಿ, ಮನಿಯಾಗೇ ಆರಾಮ ಆಗ್ತಾರ" ಎಂದರು.

ಮಾವನವರು ಹಾಸಿಗೆಯಿಂದಲೇ ಕೇಳಿದರು. "ಬಾಟ್ಲಿ ಹಾಕಲಿಕ್ಕೆ ಬರಂಗಿಲ್ಲೇನು?"

"ಬರ್ತದ ಅಜ್ಜಾರ. ರಾಯಚೂರಿಗೆ ಹೋಗಿ ಅಡ್ಮಿಟ್ ಆಗ್ಬೇಕು. ಖರ್ಚು ಭಾಳ ಬರ್ತದ. ನಿಮಗ ಅದು ಬೇಕಾಗೂದೂ ಇಲ್ಲ" ಎಂದು ಡಾಕ್ಟರು ಚೀಲ ಎತ್ತಿಕೊಂಡು ಹೋದರು. ಇಷ್ಟೇ ಮಾತು! "ಬೇಕಾಗೂದಿಲ್ಲ." ಈ ಒಂದು ಮಾತು ಅವತ್ತು ರಾಯಚೂರಿನ ಆ ದೊಡ್ಡ ಮನುಷ್ಯ ನಮ್ಮ ಅವ್ವನಿಗೆ ಹೇಳಿದ್ದರೆ ಅವನ ಗಂಟು ಏನು ಹೋಗುತ್ತಿತ್ತು?

ನಮ್ಮವರು ಅಂಗಡಿಗೆ ಹೋಗಿ ಗುಳಿಗೆ ತಂದರು. ನಾನು ಒಂದನ್ನು ಅಂಗೈಯಲ್ಲಿಟ್ಟುಕೊಂಡು ಹಾಸಿಗೆಯ ಪಕ್ಕ ಕೂತೆ. ಅದೇ ಹೊಳೆಯುವ ಕೊಳವೆ, ಒಳಗೆ ಪುಡಿ.

"ಮಾವನವರ, ರಾಯಚೂರಿಗೆ ಹೋಗೋಣ ಏಳ್ರಿ. ಜೀಪು ತರಿಸ್ತೀನಿ. ನಿಮ್ಮ ಹೊಲದ ಗುತ್ತಿಗಿ ರೊಕ್ಕ ಬಂದದಲ್ಲ, ಅದರಾಗ ಬಾಟ್ಲಿ ಹಾಕಸೋಣ. ನಿಮ್ಮ ಮಡಿ ಉಳೀಲಿ."

 ಗುತ್ತಿಗೆಯ ರೊಕ್ಕ ಅವರ ತಲೆದಿಂಬಿನ ಕೆಳಗೇ ಇತ್ತು. ಒಂದು ಕೈ ದಿಂಬಿನ ಮೇಲೆ ಗಟ್ಟಿಯಾಗಿ ಕೂತಿತು.

"ಔಷಧ ಅಂದ್ರ ಗಂಗಾಜಲ ಇದ್ದಂಗ, ಪದ್ಮಾವತಿ" ಎಂದರು. ಕಣ್ಣು ಮುಚ್ಚಿ ಬಾಯಿ ತೆರೆದರು.

ನಾನು ಗುಳಿಗೆ ಹಾಕಲಿಲ್ಲ. ಕೇಳಿದೆ: "ಹಂಗಾದ್ರ ನಮ್ಮವ್ವನ ಬಿಲ್ವಾರ?"

ಬಾಯಿ ತೆರೆದೇ ಇತ್ತು.  ಮುಚ್ಚಿದ ಕಣ್ಣಿನ ತುದಿ ಒದ್ದೆಯಾಯಿತು. ನಾನು ಗುಳಿಗೆಯನ್ನು ನಾಲಗೆಯ ಮೇಲಿಟ್ಟು, ತಲೆ ಎತ್ತಿ ಹಿಡಿದು, ನಳದ ನೀರು ಕುಡಿಸಿದೆ.